ಇಳಿಯದೆ ತೊಳೆಯುವುದು ಹೇಗೆ?

ಆಯುಧಪೂಜೆಗೆ ವಾರ ಇರುವಾಗ ಹುಣಸೂರು, ಪಿರಿಯಾಪಟ್ಟಣದ ಕಡೆ ಯಾವ ಸಾಮಿಲ್ಲಿಗೆ ಹೋದರೂ ತೊಳೆಯುವ ಕೆಲಸ ನಡೆದಿರುತ್ತದೆ. ಗರಗಸಕ್ಕೆ ಎಣ್ಣೆ, ಮೋಟಾರಿಗೆ ಬಣ್ಣ, ಲಾರಿಗೆ ಬಾಳೆಕಂದು. ಅದೇ ಭರದಲ್ಲಿ ಯಾರಿಗೋ ನೆನಪಾಗುತ್ತದೆ: ಹಿಂದುಗಡೆ ಮರಕ್ಕೆ ಔಷಧಿ ಹಾಕುವ ತೊಟ್ಟಿ ಇದೆಯಲ್ಲ, ಅದರಲ್ಲಿ ಗಸಿ ಮೊಣಕಾಲುದ್ದ ಕೂತಿದೆ, ಅದನ್ನೂ ಮುಗಿಸಿಬಿಡಿ. ಇಬ್ಬರು ಹುಡುಗರು, ಒಂದು ಏಣಿ, ಎರಡು ಬಕೆಟ್, ಒಂದು ಸಲಿಕೆ. ವರ್ಷದಲ್ಲೇ ಹೆಚ್ಚು ಅಪಾಯದ ಕೆಲಸ ಹೀಗೆ ಹೆಚ್ಚು ಅವಸರದಲ್ಲಿ, ಆ ತೊಟ್ಟಿಯ ಬಗ್ಗೆ ಏನೂ ತಿಳಿಯದವರ ಕೈಯಲ್ಲಿ ನಡೆದುಹೋಗುತ್ತದೆ.

ತೊಟ್ಟಿ ತೊಳೆಯಲೇಬೇಕು, ಸರಿ. ಆದರೆ ತೊಳೆಯಲು ಅದರೊಳಗೆ ಮನುಷ್ಯ ಇಳಿಯಲೇಬೇಕೆಂದಿಲ್ಲ. ಬಹುಪಾಲು ತೊಟ್ಟಿಗಳನ್ನು ಹೊರಗೆ ನಿಂತೇ ತೊಳೆಯಬಹುದು. ಇಳಿಯದೆ ಆಗುವುದೇ ಇಲ್ಲ ಎಂಬಲ್ಲಿ ಮಾತ್ರ ಇಳಿಯಬೇಕು, ಅದೂ ಇಳಿದವನನ್ನು ಮೇಲೆ ಎಳೆದುಕೊಳ್ಳುವ ಏರ್ಪಾಡು ಮೊದಲೇ ಮಾಡಿಕೊಂಡು.

ಹಿಂದೆ ಈ ಭಾಗದ ನಾಟಾ ಡಿಪೋಗಳಿಗೆ ನಾಗರಹೊಳೆ, ಕಾಕನಕೋಟೆ ಕಡೆಯ ತೇಗ, ಬೀಟೆ, ಹೊನ್ನೆ, ಮತ್ತಿ ಬರುತ್ತಿದ್ದ ಕಾಲದಲ್ಲಿ ಔಷಧಿಯ ಮಾತು ಕಡಿಮೆ ಇತ್ತು. ಬಲಿತ ತೇಗದ ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಈಗ ಗರಗಸಕ್ಕೆ ಬರುವುದು ಹೆಚ್ಚಾಗಿ ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ಅಕೇಶಿಯಾ, ನೀಲಗಿರಿ, ರಬ್ಬರ್ ಮರ. ಎಚ್.ಡಿ. ಕೋಟೆ ಕಡೆ ಬಿದಿರಿನ ಕೆಲಸವೂ ಉಂಟು. ರಬ್ಬರ್ ಮರದಲ್ಲೂ ಬಿದಿರಿನಲ್ಲೂ ಪಿಷ್ಟ ಜಾಸ್ತಿ. ಕೊಯ್ದು ಸುಮ್ಮನೆ ಬಿಟ್ಟರೆ ಮೊದಲು ಬೂಷ್ಟು, ಆಮೇಲೆ ಕುಟ್ಟೆ ಹುಳ. ಹಾಗಾಗಿ ತೊಟ್ಟಿ ಬೇಕೇ ಬೇಕು.

ತೊಟ್ಟಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಪ್ಲೈವುಡ್ ಕಾರ್ಖಾನೆಯಲ್ಲಿ ದಿಮ್ಮಿಗಳನ್ನು ಹಾಳೆಯಾಗಿ ಸುಲಿಯುವ ಮೊದಲು ನೆನೆಸುವ ಅಥವಾ ಬಿಸಿನೀರಿನಲ್ಲಿ ಬೇಯಿಸುವ ಗುಂಡಿ ಒಂದು. ಇದರಲ್ಲಿ ಔಷಧಿ ಇರುವುದಿಲ್ಲ, ಬರೀ ನೀರು. ಜನ ಇದಕ್ಕೆ ಹೆದರದಿರುವುದೂ ಅದಕ್ಕೇ. ಎರಡನೆಯದು ಹಲಗೆ, ಬಿದಿರು, ಪ್ಲೈವುಡ್ ಹಾಳೆಗಳನ್ನು ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದುವ ತೆರೆದ ತೊಟ್ಟಿ. ಒಂದು ಭಾಗ ಬೋರಿಕ್ ಆಮ್ಲಕ್ಕೆ 1.54 ಭಾಗ ಬಿಳಿಗಾರ ಎಂಬುದು ರೂಢಿಯ ಲೆಕ್ಕ. ಮೂರನೆಯದು ಕಬ್ಬಿಣದ ಪ್ರೆಶರ್ ಸಿಲಿಂಡರ್. ಮರವನ್ನು ಟ್ರಾಲಿಯಲ್ಲಿ ಒಳಗೆ ತಳ್ಳಿ ಬಾಗಿಲು ಬಿಗಿದು, ಮೊದಲು ಗಾಳಿ ಎಳೆದು, ಆಮೇಲೆ ಔಷಧಿಯನ್ನು ಒತ್ತಡದಲ್ಲಿ ಮರದೊಳಕ್ಕೆ ನುಗ್ಗಿಸುವ ಕ್ರಮ ಇದು. ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲಿ ಪೇಟೆಂಟ್ ಪಡೆದ ಈ ವಿಧಾನದ ಮೂಲರೂಪ ಇವತ್ತಿಗೂ ಬದಲಾಗಿಲ್ಲ.

ಸಿಲಿಂಡರಿನಲ್ಲಿ ಬಳಸುವ ಹಸಿರು ಔಷಧಿಯ ಹುಟ್ಟು ನಮ್ಮ ದೇಶದಲ್ಲೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ 1933ರಲ್ಲಿ ರೂಪಿಸಿದ ಮಿಶ್ರಣ ಅದು: ಆರ್ಸೆನಿಕ್ ಪೆಂಟಾಕ್ಸೈಡ್ ಒಂದು ಪಾಲು, ಮೈಲುತುತ್ತ ಮೂರು ಪಾಲು, ಡೈಕ್ರೋಮೇಟ್ ನಾಲ್ಕು ಪಾಲು. ‘ಆಸ್ಕು’ ಎಂಬ ಹೆಸರಿನಲ್ಲಿ ಹೊರಟು ಸಿಸಿಎ ಎಂಬ ಹೆಸರಿನಲ್ಲಿ ಪ್ರಪಂಚವನ್ನೆಲ್ಲ ಸುತ್ತಿತು. ಮರದೊಳಗೆ ಗಟ್ಟಿಯಾಗಿ ಕಚ್ಚಿಕೊಳ್ಳುವ ಔಷಧಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿರುವುದು ಪಾಷಾಣ, ಅಂದರೆ ಆರ್ಸೆನಿಕ್. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು 2003ರ ಕೊನೆಗೆ ನಿಂತಿತು. ಪಾಷಾಣದ ಬದಲು ಬೋರಿಕ್ ಆಮ್ಲ ಸೇರಿಸಿದ ಸಿಸಿಬಿ ಎಂಬ ಇನ್ನೊಂದು ಮಿಶ್ರಣವೂ ಇದೆ. ಅದರಲ್ಲೂ ಕ್ರೋಮಿಯಂ ಇದ್ದೇ ಇದೆ.

ಗಸಿ ಎಲ್ಲಿಂದ ಬರುತ್ತದೆ

ಮರದ ಜೊತೆ ಬರುವ ಹೊಟ್ಟು, ತೊಗಟೆ, ಮಣ್ಣು ತಳಕ್ಕೆ ಇಳಿಯುತ್ತವೆ. ಅಷ್ಟೇ ಆಗಿದ್ದರೆ ಅದು ಕೆಸರು. ಸಿಸಿಎ ತೊಟ್ಟಿಯಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಮರದಿಂದ ಬಿಟ್ಟುಕೊಳ್ಳುವ ಸಕ್ಕರೆ, ಒಗರಿನ ಅಂಶಗಳು ಡೈಕ್ರೋಮೇಟಿನ ಮೇಲೆ ಕೆಲಸ ಮಾಡಿ, ಕರಗಿದ್ದ ಔಷಧಿಯೇ ಕರಗದ ಪುಡಿಯಾಗಿ ತಳ ಸೇರುತ್ತದೆ. ಅಂದರೆ ಗಸಿಯಲ್ಲಿ ಕೂತಿರುವುದು ನಿಮ್ಮ ದುಡ್ಡು, ಅದೂ ವಿಷದ ರೂಪದಲ್ಲಿ. ಹಲಗೆಯನ್ನು ತೊಟ್ಟಿಗೆ ಬಿಡುವ ಮೊದಲು ಪೊರಕೆಯಲ್ಲಿ ಗುಡಿಸಿ, ತೊಗಟೆ ಕೆತ್ತಿ, ನೆಲಕ್ಕೆ ತಾಗಿದ್ದ ಮಣ್ಣು ಒರೆಸಿದರೆ ಗಸಿ ಕಡಿಮೆ, ಔಷಧಿಯ ಖರ್ಚು ಕಡಿಮೆ, ತೊಟ್ಟಿ ತೊಳೆಯುವ ಸರದಿಯೂ ಕಡಿಮೆ. ತೊಟ್ಟಿಗೆ ಮರಳುವ ನೀರಿನ ದಾರಿಯಲ್ಲಿ ಒಂದು ಜಾಲರಿ ಬುಟ್ಟಿ ಇಟ್ಟು ದಿನಾ ಸಂಜೆ ಖಾಲಿ ಮಾಡುವುದು ವರ್ಷಕ್ಕೊಮ್ಮೆ ಇಬ್ಬರನ್ನು ಗುಂಡಿಗೆ ಇಳಿಸುವುದಕ್ಕಿಂತ ಎಷ್ಟೋ ವಾಸಿ.

ಗಾಳಿಯ ಮಾತು

ಹಳೇ ಮೈಸೂರಿನ ರೈತರಿಗೆ ಹಗೇವು ಗೊತ್ತು. ರಾಗಿ ತುಂಬಿ ಮುಚ್ಚಿದ ನೆಲದ ಗುಂಡಿ. ಅದನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆಗೆದಿಟ್ಟು ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತಿಂದಿರುತ್ತದೆ ಎಂಬ ವಿಜ್ಞಾನ ಗೊತ್ತಿಲ್ಲದಿದ್ದರೂ ಎಚ್ಚರಿಕೆ ಇತ್ತು. ಅದೇ ಎಚ್ಚರಿಕೆ ಕಾರ್ಖಾನೆಯ ತೊಟ್ಟಿಯ ಹತ್ತಿರ ಯಾಕೋ ಕಾಣೆಯಾಗುತ್ತದೆ.

ಹಾಗೆಂದು ತೊಟ್ಟಿಗೆ ದೀಪ ಇಳಿಸಬೇಡಿ. ಆಮ್ಲಜನಕ ಶೇ 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ, ನಿಜ. ಆದರೆ ಮನುಷ್ಯ ಒಳಗೆ ಕೆಲಸ ಮಾಡಲು ಕನಿಷ್ಠ ಶೇ 19.5 ಬೇಕು. ವಿಷಾನಿಲ ಎಷ್ಟಿದೆ ಎಂಬುದನ್ನು ದೀಪ ಹೇಳುವುದೇ ಇಲ್ಲ. ಕ್ರಿಯೋಸೋಟ್‌ನಂಥ ಎಣ್ಣೆ ಔಷಧಿಯ ತೊಟ್ಟಿಯಾದರೆ ಆ ದೀಪವೇ ಬೆಂಕಿಗೆ ಕಾರಣವಾಗಬಹುದು.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 20.9. ಮುಚ್ಚಿಟ್ಟ ಕಬ್ಬಿಣದ ಸಿಲಿಂಡರಿನಲ್ಲಿ ತುಕ್ಕು ಹಿಡಿಯುವ ಕ್ರಿಯೆಯೇ ಅದನ್ನು ತಿನ್ನುತ್ತದೆ. ಹಸಿ ಮರವೂ ತಿನ್ನುತ್ತದೆ. ಬಿದಿರು ನೆನೆಸಿದ ಗುಂಡಿಯಲ್ಲಿ, ದಿಮ್ಮಿ ಬೇಯಿಸುವ ಗುಂಡಿಯ ತಳದಲ್ಲಿ ಪಿಷ್ಟ ಕೊಳೆತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಗಸಿಯೊಳಗೂ ಸಿಕ್ಕಿಕೊಂಡಿರುತ್ತದೆ, ಸಲಿಕೆ ಹಾಕಿ ಕೆದಕಿದಾಗ ಒಮ್ಮೆಲೇ ಮೇಲೇಳುತ್ತದೆ. ‘ಮೊದಲು ವಾಸನೆ ಇತ್ತು ಸಾರ್, ಈಗ ಹೋಯ್ತು’ ಎಂದು ಯಾರಾದರೂ ಹೇಳಿದರೆ ಅದು ಸಮಾಧಾನದ ಮಾತಲ್ಲ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ 100 ಭಾಗ ಮುಟ್ಟುವಷ್ಟರಲ್ಲಿ ಮೂಗು ಸತ್ತು ಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ.

2022ರ ಏಪ್ರಿಲ್ 17ರಂದು ಮಂಗಳೂರಿನ ಬಜಪೆ ಬಳಿ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬ ಕಾರ್ಮಿಕ ಬಿದ್ದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಸತ್ತವರು ಐದು ಮಂದಿ, ಎಲ್ಲರೂ ಪಶ್ಚಿಮ ಬಂಗಾಳದಿಂದ ಬಂದವರು. ಮೀನಾಗಲಿ ಮರವಾಗಲಿ, ಮುಚ್ಚಿದ ಗುಂಡಿಯಲ್ಲಿ ಸಾವು ಬರುವ ಕ್ರಮ ಇದೇ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ ಇಂಥ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು.

ಆಸಿಡ್ ಹಾಕಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಇದು ಬಹಳ ಜನಕ್ಕೆ ತಿಳಿಯದ ಸಂಗತಿ. ಸಿಸಿಎ ಗಸಿ ಗಟ್ಟಿಯಾಗಿ ಕಚ್ಚಿಕೊಂಡಾಗ ಟೈಲ್ಸ್ ತೊಳೆಯುವ ಆಸಿಡ್ ಸುರಿದು ಉಜ್ಜುವ ಯೋಚನೆ ಯಾರಿಗಾದರೂ ಬರುತ್ತದೆ. ಆಸಿಡ್ ಕಬ್ಬಿಣಕ್ಕೆ, ಸತು ಬಳಿದ ಬಕೆಟ್‌ಗೆ, ಅಲ್ಯೂಮಿನಿಯಂ ಏಣಿಗೆ ತಾಗಿದರೆ ಹೈಡ್ರೋಜನ್ ಹೊರಡುತ್ತದೆ. ಪಾಷಾಣ ಇರುವ ಜಾಗದಲ್ಲಿ ಹಾಗೆ ಹೊರಟ ಹೈಡ್ರೋಜನ್ ಅದರ ಜೊತೆ ಸೇರಿ ಆರ್ಸೀನ್ ಎಂಬ ಅನಿಲವಾಗುತ್ತದೆ. ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಬೆಳ್ಳುಳ್ಳಿಯಂಥ ಸಣ್ಣ ವಾಸನೆ ತಿಳಿಯುವ ಹೊತ್ತಿಗೆ ಮಿತಿ ಮೀರಿರುತ್ತದೆ. ಹತ್ತು ಲಕ್ಷಕ್ಕೆ 3 ಭಾಗವಿದ್ದರೇ ಪ್ರಾಣಾಪಾಯ ಎಂದು ನಿಯೋಶ್ ಲೆಕ್ಕ.

ಕೆಲಸ ಮುಗಿಸಿದವನು ಊಟ ಮಾಡಿ ಮಲಗುತ್ತಾನೆ. ಕೆಲವು ಗಂಟೆಗಳ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ತಲೆನೋವು, ವಾಂತಿ, ಸೊಂಟ ನೋವು ಶುರುವಾಗುತ್ತದೆ. ಮೂತ್ರ ಕೆಂಪಾಗಿ ಕಪ್ಪಿಡುತ್ತದೆ. ರಕ್ತಕಣಗಳು ಒಡೆಯುತ್ತಿವೆ, ಮೂತ್ರಪಿಂಡ ಕೈಕೊಡುವ ಹಂತದಲ್ಲಿದೆ ಎಂದರ್ಥ. ಊರಿನ ಕ್ಲಿನಿಕ್ಕಿನಲ್ಲಿ ಕಾಮಾಲೆ ಎಂದು ಕಳಿಸಿಬಿಟ್ಟರೆ ಕಷ್ಟ. ತೊಟ್ಟಿ ತೊಳೆದವನಿಗೆ ಹೀಗಾದರೆ ತಡಮಾಡದೆ ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ, ಔಷಧಿ ಡ್ರಮ್ಮಿನ ಲೇಬಲ್ಲಿನ ಫೋಟೋ ವೈದ್ಯರಿಗೆ ತೋರಿಸಿ. ಬಾಡಿಗೆಗೆ ಸಿಗುವ ನಾಲ್ಕು ಅನಿಲದ ಸಾಮಾನ್ಯ ಮೀಟರ್ ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಇಷ್ಟನ್ನೇ ತೋರಿಸುವುದು. ಆರ್ಸೀನ್ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಪಾಷಾಣದ ತೊಟ್ಟಿಗೆ ಆಸಿಡ್ ಬೇಡ, ಬ್ಲೀಚಿಂಗ್ ಪುಡಿಯೂ ಬೇಡ. ನೀರು ಮತ್ತು ಪ್ಲಾಸ್ಟಿಕ್ ಸಲಿಕೆ ಸಾಕು.

ಹೊರಗೆ ನಿಂತು ತೊಳೆಯುವ ಕ್ರಮ

ಮೇಲಿನ ತಿಳಿ ದ್ರಾವಣವನ್ನು ಮೊದಲು ಪಂಪಿನಿಂದ ಎತ್ತಿ ಇನ್ನೊಂದು ತೊಟ್ಟಿಗೆ ಹಾಕಿ. ಅದು ಮತ್ತೆ ಬಳಸುವ ಔಷಧಿ. ತಳದ ಗಸಿಗೆ ಸ್ವಲ್ಪ ನೀರು ಬಿಟ್ಟು, ಉದ್ದ ಕೋಲಿನ ತುದಿಯ ಜೆಟ್‌ನಿಂದ ಕದಡಿ, ಕೆಸರು ಎತ್ತುವ ಪಂಪಿನಿಂದ ಹೀರಿ. ಮಾಮೂಲಿ ನೀರಿನ ಪಂಪ್ ಹೊಟ್ಟು ಕಚ್ಚಿ ನಿಲ್ಲುತ್ತದೆ, ಅದಕ್ಕೇ ಜನ ಬಕೆಟ್ ಹಿಡಿದು ಇಳಿಯುವುದು. ಸರಿಯಾದ ಪಂಪನ್ನು ಒಂದು ದಿನದ ಬಾಡಿಗೆಗೆ ತಂದರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು. ಗುಂಡಿಯೊಳಗೆ ಪೆಟ್ರೋಲ್, ಡೀಸೆಲ್ ಎಂಜಿನ್ ಮಾತ್ರ ಇಳಿಸಬೇಡಿ; ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಬಾವಿಗಳಲ್ಲಿ ಜನರನ್ನು ಕೊಂದಿದೆ.

ತೊಳೆದ ನೀರನ್ನು ಚೆಲ್ಲಬೇಡಿ. ಸೋಸಿ ಡ್ರಮ್ಮಿನಲ್ಲಿಟ್ಟು, ಮುಂದಿನ ಸಲ ಔಷಧಿ ಕಲಸುವಾಗ ಹೊಸ ನೀರಿನ ಬದಲು ಅದನ್ನೇ ಹಾಕಿ. ನೀರಿನಲ್ಲಿ ಕರಗುವ ಔಷಧಿಗಳಿಗೆಲ್ಲ ಇದು ನಡೆಯುತ್ತದೆ, ಹೊರಗೆ ಹೋಗುವ ಕೊಳಕು ನೀರು ಹೆಚ್ಚುಕಡಿಮೆ ಇಲ್ಲವೇ ಆಗುತ್ತದೆ. ಹೊಸದಾಗಿ ತೊಟ್ಟಿ ಕಟ್ಟಿಸುವವರು ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿಸಿ, ಅಲ್ಲೊಂದು ಚಿಕ್ಕ ಗುಳಿ ಬಿಡಿಸಿ. ಗಸಿ ತಾನಾಗಿ ಅಲ್ಲಿ ಸೇರುತ್ತದೆ. ಚಪ್ಪಟೆ ತಳದ ತೊಟ್ಟಿ ಕಟ್ಟಿದ ಗಾರೆಯವನ ಒಂದು ದಿನದ ಉಳಿತಾಯಕ್ಕೆ ತೊಳೆಯುವವರು ಪ್ರತಿ ವರ್ಷ ಬೆಲೆ ತೆರುತ್ತಾರೆ.

ಪ್ರೆಶರ್ ಸಿಲಿಂಡರಿಗೆ ಇನ್ನೊಂದು ಅಪಾಯ ಅದರ ಬಾಗಿಲು. ಗೇಜ್ ಸೊನ್ನೆ ತೋರಿಸಿತು ಎಂದು ನಂಬಬೇಡಿ, ಗೇಜ್ ಕೆಟ್ಟಿರಬಹುದು. ಗಾಳಿ ಬಿಡುವ ವಾಲ್ವ್ ಪೂರ್ತಿ ತೆರೆದು, ಗಾಳಿಯಾಗಲಿ ನೀರಾಗಲಿ ಬರುತ್ತಿಲ್ಲ ಎಂದು ಕಣ್ಣಾರೆ ನೋಡಿ, ಆಮೇಲೆ ಬಾಗಿಲ ಬೋಲ್ಟು ಸಡಿಲಿಸಿ, ಬಾಗಿಲಿಗೆ ಎದುರಾಗಿ ನಿಲ್ಲದೆ. ಬಾಗಿಲ ರಬ್ಬರ್, ಸೇಫ್ಟಿ ವಾಲ್ವ್, ಗೇಜ್ ಇವಿಷ್ಟನ್ನು ಅರ್ಹ ಪರಿಶೀಲಕರಿಂದ ಕಾಲಕಾಲಕ್ಕೆ ತಪಾಸಣೆ ಮಾಡಿಸಿ.

ಇಳಿಯಲೇಬೇಕಾದರೆ

ತಳದಲ್ಲಿ ಬಿರುಕು ಬಿಟ್ಟಿದೆ, ಪೈಪ್ ಮುರಿದಿದೆ, ಹೊರಗಿನಿಂದ ಆಗದು. ಆಗ ಮೊದಲ ಕೆಲಸ ತೊಟ್ಟಿಗೆ ಬರುವ ಎಲ್ಲ ಪೈಪನ್ನೂ ಬಿಚ್ಚಿ ಮುಚ್ಚಳ ಹಾಕುವುದು. ವಾಲ್ವ್ ತಿರುಗಿಸಿದರೆ ಸಾಲದು. ಪಂಪು, ಟ್ರಾಲಿಯ ಮೋಟಾರುಗಳ ಸ್ವಿಚ್ಚು ಇಳಿಸಿ ಬೀಗ ಹಾಕಿ, ಬೀಗದ ಕೈ ಒಳಗೆ ಇಳಿಯುವವನ ಜೇಬಿನಲ್ಲಿರಲಿ. ‘ಹೇಗೂ ಕರೆಂಟ್ ಹೋಗಿದೆ’ ಎಂಬ ಧೈರ್ಯ ನಮ್ಮ ತಾಲ್ಲೂಕುಗಳಲ್ಲಿ ಸಲ್ಲದು, ಕರೆಂಟ್ ಬರುವಾಗ ಹೇಳಿ ಬರುವುದಿಲ್ಲ.

ಆಮೇಲೆ ಬ್ಲೋವರ್. ಆರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಆಳದ ತೊಟ್ಟಿಯಲ್ಲಿ 13.5 ಘನ ಮೀಟರ್ ಗಾಳಿ ಹಿಡಿಯುತ್ತದೆ. ಗಂಟೆಗೆ 300 ಘನ ಮೀಟರ್ ಊದುವ ಬ್ಲೋವರ್ ಅದನ್ನು ಗಂಟೆಗೆ 22 ಸಲ ಬದಲಿಸುತ್ತದೆ. ಕೊಳವೆಯ ತುದಿ ತಳದವರೆಗೆ ಇಳಿದಿರಬೇಕು, ಬ್ಲೋವರ್ ಗಾಳಿ ಎಳೆಯುವ ಜಾಗದಲ್ಲಿ ಲಾರಿಯೋ ಜನರೇಟರೋ ಹೊಗೆ ಬಿಡುತ್ತಿರಬಾರದು. ವೆಲ್ಡಿಂಗ್ ಸಿಲಿಂಡರಿನಿಂದ ಒಳಗೆ ಆಮ್ಲಜನಕ ಬಿಡುವ ಉಪಾಯ ಮಾಡಲೇಬಾರದು, ಶೇ 23.5 ದಾಟಿದರೆ ಬಟ್ಟೆಯೂ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ನೋಡಿ. ಮೊದಲು ಆಮ್ಲಜನಕ, ನಂತರ ಉರಿಯುವ ಅನಿಲ, ನಂತರ ವಿಷಾನಿಲ. ಒಳಗಿರುವಷ್ಟು ಹೊತ್ತೂ ಬ್ಲೋವರ್ ಓಡುತ್ತಿರಬೇಕು, ಮೀಟರ್ ಮೈಮೇಲೆ ಇರಬೇಕು. ಮುಖಕ್ಕೆ ಕಟ್ಟುವ ಟವೆಲ್ಲಾಗಲಿ ಧೂಳಿನ ಮಾಸ್ಕಾಗಲಿ ಇಲ್ಲಿ ಕೆಲಸಕ್ಕೆ ಬಾರದು. ಡಬ್ಬಿ ಸಿಕ್ಕಿಸಿದ ಮಾಸ್ಕು ವಿಷವನ್ನು ಸೋಸಬಹುದು, ಇಲ್ಲದ ಆಮ್ಲಜನಕ ತಂದುಕೊಡದು. ದೀಪ 24 ವೋಲ್ಟಿಗಿಂತ ಹೆಚ್ಚಿನದಾಗಿರಬಾರದು. ಈ ಮಾತು, ಒಳಗೆ ಅಪಾಯವಿಲ್ಲ ಎಂಬ ಬರವಣಿಗೆಯ ಪ್ರಮಾಣಪತ್ರವಾಗಲಿ, ಉಸಿರಾಟದ ಉಪಕರಣ ಮತ್ತು ಹಗ್ಗ ಕಟ್ಟಿದ ಬೆಲ್ಟಾಗಲಿ ಇಲ್ಲದೆ ಇಳಿಸಬಾರದು ಎಂಬ ಮಾತು, ಎರಡೂ 1948ರ ಕಾರ್ಖಾನೆ ಕಾಯ್ದೆಯ 36 ಮತ್ತು 36-ಎ ಕಲಂಗಳಲ್ಲೇ ಬರೆದಿದ್ದವು. ಇದು ಹೊಸ ಉಪದೇಶವಲ್ಲ.

ಇಳಿದವನ ಮೈಗೆ ಬೆಲ್ಟ್, ಬೆಲ್ಟಿಗೆ ಹಗ್ಗ, ಹಗ್ಗ ತೊಟ್ಟಿಯ ಬಾಯಿ ಮೇಲೆ ನಿಲ್ಲಿಸಿದ ಮುಕ್ಕಾಲಿಯ ರಾಟೆಗೆ. ಮೇಲೆ ಒಬ್ಬ ಕಾವಲಿಗೆ. ಅವನಿಗೆ ಬೇರೆ ಕೆಲಸ ಹೇಳಬೇಡಿ, ಟೀ ತರಲೂ ಕಳಿಸಬೇಡಿ. ಏನೇ ಆದರೂ ಅವನು ಒಳಗೆ ಇಳಿಯಬಾರದು. ರಾಟೆ ಸುತ್ತಬೇಕು, ಕೂಗಬೇಕು, 112ಕ್ಕೋ 101ಕ್ಕೋ ಫೋನ್ ಮಾಡಬೇಕು. ಅಗ್ನಿಶಾಮಕ ದಳವನ್ನೇ ನಂಬಿ ಕೂರಲಾಗದು. ಆಮ್ಲಜನಕ ಸಿಗದ ಮಿದುಳು ತಡೆಯುವುದು ನಾಲ್ಕಾರು ನಿಮಿಷ. ಅಷ್ಟರಲ್ಲಿ ಪಟ್ಟಣದಿಂದ ಹೊರಟ ಗಾಡಿ ಊರಾಚೆಯ ಸಾಮಿಲ್ಲು ಮುಟ್ಟುವುದು ಕಷ್ಟ. ಇಳಿಯುವವರು ಹಿಂದಿ, ಬಂಗಾಳಿ, ಅಸ್ಸಾಮಿ ಮಾತಾಡುವವರಾದರೆ ಇಷ್ಟನ್ನೂ ಅವರ ಭಾಷೆಯಲ್ಲಿ ಹೇಳಿಸಿ. ಕನ್ನಡದ ಬೋರ್ಡಿನಿಂದ ಅವರಿಗೆ ಉಪಯೋಗವಿಲ್ಲ.

ಕೈಗೆ ರಬ್ಬರ್ ಗವಸು, ಕಾಲಿಗೆ ಗಂಬೂಟು. ಕ್ರೋಮಿಯಂ ತಾಗಿದ ಗಾಯ ನೋವಿಲ್ಲದೆ ಆಳಕ್ಕೆ ಇಳಿಯುತ್ತದೆ. ಕೈ ತೊಳೆಯದೆ ಎಲೆ-ಅಡಿಕೆ, ಬೀಡಿ ಮುಟ್ಟಬಾರದು. ಆ ದಿನದ ಬಟ್ಟೆಯನ್ನು ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ನೆನೆಸಬಾರದು.

ಗಸಿ ಹೋಗುವುದೆಲ್ಲಿಗೆ

ಹುಣಸೂರಿನ ಚರಂಡಿಗೆ ಬಿಟ್ಟದ್ದು ಲಕ್ಷ್ಮಣತೀರ್ಥ ಸೇರಿ ಕನ್ನಂಬಾಡಿ ಕಟ್ಟೆಗೆ ಹೋಗುತ್ತದೆ. ಎಚ್.ಡಿ. ಕೋಟೆಯಲ್ಲಿ ಬಿಟ್ಟದ್ದು ಕಬಿನಿಗೆ. ಪಿರಿಯಾಪಟ್ಟಣ, ಕೆ.ಆರ್. ನಗರದವರಿಗೆ ಕಾವೇರಿಯೇ ಹತ್ತಿರ. ನಾಲ್ಕೂ ತಾಲ್ಲೂಕಿನ ಕೊಳೆ ಕೊನೆಗೆ ಒಂದೇ ಹೊಳೆಗೆ. ಪಾಷಾಣ ಇಲ್ಲದ ಬಿಳಿಗಾರದ ನೀರು ಗದ್ದೆಗೆ ಬಿಟ್ಟರೇನು ಎನ್ನುವವರಿಗೆ ಒಂದು ಲೆಕ್ಕ: ಶೇ 5ರ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 7 ಗ್ರಾಂ ಬೋರಾನ್ ಇರುತ್ತದೆ. ಸೂಕ್ಷ್ಮ ಬೆಳೆಗಳು ತಡೆಯುವ ಮಟ್ಟಕ್ಕೆ, ಅಂದರೆ ಲೀಟರಿಗೆ 1 ಮಿಲಿಗ್ರಾಮಿಗೆ, ಅದನ್ನು ಇಳಿಸಲು ಸುಮಾರು 7,000 ಲೀಟರ್ ನೀರು ಬೇಕು.

ಪಾಷಾಣ, ಕ್ರೋಮಿಯಂ ಇರುವ ಗಸಿಯನ್ನು ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಮೇಲೆ ಏನೆಂದು ಬರೆದು, ಮಳೆ ತಾಗದ ಸಿಮೆಂಟು ನೆಲದ ಮೇಲಿಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ವಿಲೇವಾರಿ ಘಟಕಕ್ಕೆ ಕಳಿಸಬೇಕು. ಬೆಂಗಳೂರು ಹತ್ತಿರದ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ಖಾಲಿ ಡ್ರಮ್ಮು ಗುಜರಿಗೂ ಅಲ್ಲ, ಮನೆಯ ನೀರಿಗೂ ಅಲ್ಲ.

ಇನ್ನೊಂದು ಮಾತು ಈ ಸೀಮೆಗೇ ಸೇರಿದ್ದು. ತಂಬಾಕು ಬೇಯಿಸುವ ಕಾಲದಲ್ಲಿ ಸೌದೆಗೆ ಎಲ್ಲಿಲ್ಲದ ಬೇಡಿಕೆ. ಸಿಸಿಎ ಹಾಕಿದ ಮರದ ತುಂಡು, ಹೊಟ್ಟು ಅಗ್ಗಕ್ಕೆ ಸಿಕ್ಕಿತೆಂದು ಬ್ಯಾರನ್ ಒಲೆಗೋ ಹೋಟೆಲ್ ಒಲೆಗೋ ಹಾಕಿದರೆ ಪಾಷಾಣದ ಒಂದು ಪಾಲು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ. ಆ ಬೂದಿ ಹೊಲಕ್ಕೆ, ಪಾತ್ರೆ ತಿಕ್ಕಲು ಹೋಗುತ್ತದೆ. ಔಷಧಿ ಹಾಕಿದ ತುಂಡುಗಳನ್ನು ಸೌದೆಯ ರಾಶಿಗೆ ಸೇರಿಸದೆ ಬೇರೆ ಇಡುವುದು ಮಾಲೀಕರ ಹೊಣೆ.

ನಿಮ್ಮಲ್ಲಿ ಇಂಥ ತೊಟ್ಟಿ ಇದ್ದರೆ ಈ ವಾರ ಒಂದು ಕೆಲಸ ಮಾಡಿ. ಟೇಪು ಹಿಡಿದು ಅದರ ಬಾಯಿ ಅಳೆಯಿರಿ. ಬೆಲ್ಟು ಕಟ್ಟಿದ, ಪ್ರಜ್ಞೆ ತಪ್ಪಿದ ಮನುಷ್ಯನನ್ನು ನೇರವಾಗಿ ಮೇಲೆಳೆಯಲು ಅದು ಸಾಲುವುದೇ ನೋಡಿ. ಸಾಲದಿದ್ದರೆ ದೊಡ್ಡದು ಮಾಡಿಸಿ. ಹಳೆಯ ಸಿಲಿಂಡರಿನ ಬಾಯಿ ಅಗಲಿಸಲು ವೆಲ್ಡಿಂಗಿನವನನ್ನು ಕರೆಯುವುದಾದರೆ ಒಳಗನ್ನು ತೊಳೆದು, ಗಾಳಿ ಪರೀಕ್ಷೆ ಆದ ಮೇಲೆಯೇ ಕರೆಯಿರಿ. ಅಲ್ಲಿಯವರೆಗೆ ಅದರೊಳಗೆ ಯಾರನ್ನೂ ಇಳಿಸಬೇಡಿ.